ವರದಾ ಎಕ್ಸ್‌ಪ್ರೆಸ್ ಪಾರ್ಕಿಗೆ ಹೋದದ್ದು

ಐವತ್ತು ದಾಟುವವರೆಗೂ ಕಲ್ಲಯ್ಯನನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬನವಾಸಿಯ ಆಚೆ, ವರದಾ ನದಿಯ ಬಗಲಿಗೆ ಅವನಿಗೆ ಒಂದಿಷ್ಟು ಅನಾನಸ್, ಒಂದಿಷ್ಟು ಗೋವಿನಜೋಳ. ಅವನ ಹಣ್ಣು ಇತ್ತ ಸಿಹಿಯೂ ಅಲ್ಲ, ಅತ್ತ ಹುಳಿಯೂ ಅಲ್ಲ. ದಲಾಲರು ಅದನ್ನು ಬೇರೆಯವರ ಹಣ್ಣಿನ ಜೊತೆ ಬೆರೆಸಿ ಲಾರಿಗೆ ತುಂಬುತ್ತಿದ್ದರು. ಜನ ಅವನನ್ನೂ ಹಾಗೆಯೇ ಬೆರೆಸಿ ತುಂಬುತ್ತಿದ್ದರು. ಮದುವೆಗೆ ಹೋದರೆ ಕಡೇ ಪಂಕ್ತಿ, ಗ್ರಾಮಸಭೆಗೆ ಹೋದರೆ ಕಂಬದ ಮರೆ, ಗ್ರೂಪ್ ಫೋಟೋದಲ್ಲಿ ಅರ್ಧ ಕಿವಿ.

ಆಮೇಲೆ ಹೋರಿ ಬಂತು. ಸಂತೆಯಲ್ಲಿ ಯಾರಿಗೂ ಬೇಡವಾದ ಕರು ಅದು. ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಕೈ ಚಾಚಿದರೆ ನಾಲ್ಕು ಮಾರು ಆಚೆ ಹಾರುತ್ತಿತ್ತು. ನೊಗಕ್ಕೂ ಆಗದು, ಗಾಡಿಗೂ ಆಗದು ಎಂದು ಮಾರುವವನೇ ಒಪ್ಪಿಕೊಂಡಿದ್ದ. ಕಲ್ಲಯ್ಯ ಅದನ್ನು ಕೊಂಡದ್ದು ಜಾಣತನದಿಂದಲ್ಲ, ಅಗ್ಗಕ್ಕೆ ಸಿಕ್ಕಿತೆಂದು. ಆದರೆ ಕೆಲವು ಸರಕಿಗೆ ಅದರ ದೋಷವೇ ಬೆಲೆ ತರುತ್ತದೆ.

ದೀಪಾವಳಿ ಕಳೆಯಿತೆಂದರೆ ಆ ಸೀಮೆಯಲ್ಲಿ ಹೋರಿ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳ ಸರ ಕಟ್ಟಿ, ಜನ ಎರಡೂ ಕಡೆ ನಿಂತ ಅಖಾಡದಲ್ಲಿ ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಸರ ಹರಿಯಲು ನೋಡುತ್ತಾರೆ. ಹರಿದರೆ ಹೋರಿ ಸಿಕ್ಕಿತು, ಹರಿಯದಿದ್ದರೆ ಗೆದ್ದಿತು. ಕಲ್ಲಯ್ಯನ ಹೋರಿ ಮೊದಲನೇ ವರ್ಷ ಸಿಗಲಿಲ್ಲ. ಎರಡನೇ ವರ್ಷವೂ ಸಿಗಲಿಲ್ಲ. ಆಮೇಲೆ ಅದಕ್ಕೆ ‘ವರದಾ ಎಕ್ಸ್‌ಪ್ರೆಸ್’ ಎಂದು ಹೆಸರಾಯಿತು, ಅಭಿಮಾನಿ ಬಳಗವಾಯಿತು, ಬಳಗಕ್ಕೆ ಹಳದಿ ಟೀ ಶರ್ಟ್ ಆಯಿತು. ರೈಲನ್ನೇ ಕಾಣದ ಸೀಮೆಯಲ್ಲಿ ಎಕ್ಸ್‌ಪ್ರೆಸ್ ಎಂದರೆ ಕಲ್ಲಯ್ಯನ ಹೋರಿ. ಎಕ್ಸ್‌ಪ್ರೆಸ್ ಕಲ್ಲಯ್ಯ ಬಂದರೆಂದರೆ ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂತವರಲ್ಲೂ ಒಬ್ಬರು ಎದ್ದು ಜಾಗ ಕೊಡುತ್ತಿದ್ದರು.

ಅವನು ನಡೆಯುವ ಧಾಟಿಯೂ ಬದಲಾಗಿತ್ತು. ಓಡುವುದು ಹೋರಿ, ದಣಿದವರ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು ಕಲ್ಲಯ್ಯ.

ಈ ಸಲದ ಹಬ್ಬವೇ ಕಡೆಯದೆಂದು ಬಳಗದ ಮುಖಂಡ ಆನಂದ ತೀರ್ಮಾನಿಸಿದ್ದ. ಬನವಾಸಿ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಆನಂದನಿಗೆ ಹೋರಿಯ ಮೇಲೆ ಇದ್ದ ಭಕ್ತಿ ಹೆತ್ತವರ ಮೇಲೆ ಇರಲಿಲ್ಲ.

“ಕಲ್ಲಯ್ಯಾರ, ವಯಸ್ಸಾತು ಅದಕ್ಕ. ಸಿಗದ ಹೋರಿ ಅಂತ ಹೆಸರಿರೂವಾಗ್ಲೇ ನಿಲ್ಲಿಸಿಬಿಡೂಣು. ಈ ಸರ್ತಿ ಓಡಿಸಿ, ಟ್ರ್ಯಾಕ್ಟರ್ ಮ್ಯಾಲೆ ಮೆರವಣಿಗಿ ಮಾಡೂಣು. ಡಿಜೆ, ದೊಡ್ಡ ಬ್ಯಾನರು.”

“ಬ್ಯಾನರಿನ್ಯಾಗ ನನ್ನ ಫೋಟೋ ಎಷ್ಟು ದೊಡ್ಡದಿರತೈತಿ?” ಎಂದ ಕಲ್ಲಯ್ಯ.

“ಹೋರಿದು ದೊಡ್ಡದು. ನಿಮ್ದು ಬಗಲಾಗ.”

“ಬಗಲಾಗ ಅಂದ್ರ ಎಲ್ಲೆ?”

“ಬಾಲದ ಕಡೆ ಅಲ್ಲ, ಬಿಡ್ರಿ. ಕೊರಳ ಹತ್ರ ಹಾಕೂಣು.”

ಸಿಗದೆ ನಿವೃತ್ತಿಯಾದ ಹೋರಿಯ ಯಜಮಾನನಿಗೆ ಆ ಸೀಮೆಯಲ್ಲಿ ಸಾಯುವ ತನಕ ಮರ್ಯಾದೆ. ಸಿಕ್ಕ ಹೋರಿಯ ಯಜಮಾನ ಬರೀ ದನ ಸಾಕಿದವನು. ಕಲ್ಲಯ್ಯನಿಗೆ ಇನ್ನು ಬೇಕಾಗಿದ್ದದ್ದು ಅದೊಂದು ಓಟ.

ಹಬ್ಬಕ್ಕೆ ಇನ್ನೂ ಕೆಲವು ವಾರ ಇರುವಾಗ ಕಿಲಕಿಲ ಪಾರ್ಕಿನ ಸದಾಶಿವ ಕಾರಿನಲ್ಲಿ ಬಂದ. ಸಿದ್ದಾಪುರದ ದೊಡ್ಮನೆ ಕಡೆಯವನು. ಮೊದಲು ಮದುವೆ ಮಂಟಪ ನಡೆಸುತ್ತಿದ್ದ. ಮಂಟಪಕ್ಕೆ ವರ್ಷದಲ್ಲಿ ಕೆಲವೇ ತಿಂಗಳು ಗಿರಾಕಿ, ಜನಕ್ಕೆ ಮೋಜು ವರ್ಷವಿಡೀ ಬೇಕು ಎಂದು ಶಿರಸಿ ರಸ್ತೆಯ ಪಕ್ಕ ನೀರಿನ ಜಾರುಬಂಡಿ, ಅಲೆಯ ಕೊಳ, ದೊಡ್ಡ ತೊಟ್ಟಿಲು, ಬಾಯಿಂದ ಹೊಗೆ ಬಿಡುವ ಡೈನೋಸಾರು ಎಲ್ಲ ಹಾಕಿಸಿದ್ದ. ಡೈನೋಸಾರಿನ ಹೊಗೆ ಆಗಲೇ ಕೆಟ್ಟಿತ್ತು.

“ಧಾರಾವಾಹಿಯ ಮಧುರಾ ಬರ್ತಾರೆ ಮಾರಾಯ್ರೆ. ಒಂದಿಡೀ ದಿನ ನಮ್ಮ ಪಾರ್ಕಲ್ಲಿ ಸುತ್ತೋದು, ಅದನ್ನ ವಿಡಿಯೋ ಮಾಡಿ ಬಿಡೋದು. ಈ ಕಡೆ ಹೆಸರಾಂತ ವಸ್ತು ಎಂತಾದ್ರೂ ಇದ್ರೆ ತೋರ್ಸಿ ಅಂದ್ರು. ನಾನು ನಿಮ್ಮ ಹೋರಿ ಹೆಸರು ಹೇಳಿಬಿಟ್ಟೆ.”

ಮಧುರಾ ಎಂದರೆ ಸಂಜೆಯ ಧಾರಾವಾಹಿಯಲ್ಲಿ ದಿನಾ ಅತ್ತೆಯ ಕಾಟಕ್ಕೆ ಅಳುವ ಸೊಸೆ. ಆ ಹೊತ್ತಿಗೆ ಬನವಾಸಿಯಲ್ಲಿ ಅಂಗಡಿಗೆ ಹೋದರೆ ಸಾಮಾನು ಕಟ್ಟಿಕೊಡುವವರಿರುವುದಿಲ್ಲ.

“ಆಕಿ ನನ್ನ ಹೆಸರು ಹೇಳ್ತಾಳೇನ್ರಿ, ವಿಡಿಯೋದಾಗ?” ಎಂದು ಕಲ್ಲಯ್ಯ ಕೇಳಿದ.

“ಹೇಳ್ದೆ ಇರ್ತಾರಾ!” ಎಂದ ಸದಾಶಿವ. ಮಂಟಪದ ವ್ಯವಹಾರದಲ್ಲಿ ಅವನು ಕಲಿತಿದ್ದ ದೊಡ್ಡ ವಿದ್ಯೆ ಅದು: ಹೌದು ಎನ್ನದೆ ಹೌದು ಎನ್ನಿಸಿಬಿಡುವುದು.

ಹೊರಡುವ ಬೆಳಿಗ್ಗೆ ಕಲ್ಲಯ್ಯ ಹೋರಿಗೆ ಮಿರುಗುವ ಝೂಲ ಹೊದಿಸಿದ, ಕೊಂಬಿಗೆ ರಿಬ್ಬನ್ ಸುತ್ತಿದ, ಕಡೆಗೆ ಪೆಟ್ಟಿಗೆಯಿಂದ ಕೊಬ್ಬರಿ ಸರ ತೆಗೆದ. ಕಸ ಗುಡಿಸುತ್ತಿದ್ದ ಹೆಂಡತಿ ಪಾರ್ವತವ್ವ ಕಸಬರಿಗೆ ನಿಲ್ಲಿಸಿದಳು.

“ಕೊಬ್ಬರಿ ಯಾಕ ಕಟ್ಟಾಕತ್ತೀರಿ? ಅಲ್ಲೇನು ಹಬ್ಬ ಐತೇನು?”

“ಕೊಬ್ಬರಿ ಇಲ್ದ ಹೋದ್ರ ಇದು ಎಂಥಾ ಹೋರಿ ಅಂತ ಆಕಿಗೆ ಹ್ಯಾಂಗ ಗೊತ್ತಾಗಬೇಕು?”

“ಕೊಬ್ಬರಿ ಇದ್ರೂ ಗೊತ್ತಾಗಂಗಿಲ್ಲ. ಆಕಿ ಅಡಗಿಮನಿಗೆ ಹೋಗೋದು ಅಳಾಕಷ್ಟ.”

“ನಿನಗ ತಿಳಿಯಂಗಿಲ್ಲ, ಸುಮ್ನಿರು.”

“ನನಗ ತಿಳಿಯಂಗಿಲ್ಲ ಖರೆ. ಕೊಬ್ಬರಿ ಕಟ್ಟಿದ ಹೋರಿ ಮುಂದ ಕೈ ಚಾಚಿದವರು ಏನು ಮಾಡ್ತಾರ ಅನ್ನೋದು ನಿಮಗ ತಿಳೀತೈತಲ್ಲ?”

ಅದು ಅವನಿಗೆ ಚೆನ್ನಾಗಿಯೇ ತಿಳಿದಿತ್ತು. ಹಬ್ಬದ ಹೊರಗೆ ಕೊಬ್ಬರಿ ಕಟ್ಟಬಾರದೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಕೊಬ್ಬರಿ ಕಟ್ಟಿದ ಹೋರಿ ಎಂದರೆ ತಾಕತ್ತಿದ್ದರೆ ಹರೀರಿ ಎಂದು ಸವಾಲು ಹಾಕಿದ ಹೋರಿ, ಎಲ್ಲಿದ್ದರೂ. ತಿಳಿದೂ ಕಟ್ಟಿದ. ಬಿಗಿಯಾಗಿ ಕಟ್ಟಿದರೆ ಫೋಟೋದಲ್ಲಿ ಕೊರಳ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆಂದು ಸಡಿಲವಾಗಿ, ಎದೆಯ ಮೇಲೆ ಇಳಿಬೀಳುವಂತೆ ಕಟ್ಟಿದ.

ಪಾರ್ಕಿನಲ್ಲಿ ಅವರನ್ನು ಡೈನೋಸಾರಿನ ಪಕ್ಕ ಬಿಸಿಲಿಗೆ ನಿಲ್ಲಿಸಿದರು. ಮಧುರಾ ಬಂದದ್ದು ಮಧ್ಯಾಹ್ನಕ್ಕೆ. ಜಾರುಬಂಡಿಯಿಂದ ಕಿರುಚುತ್ತಾ ಜಾರಿದಳು; ಕಿರುಚಿದ್ದು ಸಾಲದೆಂದು ಕ್ಯಾಮೆರಾದವ ಮತ್ತೆ ಹತ್ತಿಸಿದ. ತೊಟ್ಟಿಲಲ್ಲಿ ಹೆದರಿದಳು, ಕೊಳದಲ್ಲಿ ನಕ್ಕಳು, ಕೆಟ್ಟ ಡೈನೋಸಾರಿಗೆ ಮುತ್ತು ಕೊಟ್ಟಳು. ಇಷ್ಟು ಹೊತ್ತೂ ಕಲ್ಲಯ್ಯ ಹೇಳಬೇಕಾದ ಮಾತನ್ನು ಬಾಯಲ್ಲೇ ಉರುಹೊಡೆಯುತ್ತಿದ್ದ: ಇದು ವರದಾ ಎಕ್ಸ್‌ಪ್ರೆಸ್, ಇವತ್ತಿನವರೆಗೂ ಒಬ್ಬರ ಕೈಗೂ ಸಿಕ್ಕಿಲ್ಲ, ನಾನು ಕಲ್ಲಯ್ಯ.

ಯಲ್ಲಾಪುರದಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಬ್ಬ ಅವನ ಎದುರು ನಿಂತು, “ಇದ್ರ ಮೇಲೆ ಕೂರ್ಸೋಕೆ ಬೇರೆ ಟಿಕೆಟ್ಟೋ, ಅದ್ರಲ್ಲೇ ಬಂತೋ?” ಎಂದು ಕೇಳಿದ.

ಕಲ್ಲಯ್ಯ ಮುಖ ತಿರುಗಿಸಿ ಹೋರಿಯ ಝೂಲ ಸರಿಮಾಡಿದ. ಆ ಮನುಷ್ಯ, “ಪಾರ್ಕಿನವರಿಗೆ ಮಾತಾಡೋದೊಂದು ಕಲಿಸಿಲ್ಲ” ಎನ್ನುತ್ತಾ ಹೋದ.

ಕಡೆಗೆ ಮಧುರಾ ಬಂದಳು. ಮೈತುಂಬ ಒದ್ದೆ, ಒಳ್ಳೆಯ ಸುವಾಸನೆ, ಹುಸಿಯಿಲ್ಲದ ನಗು. ಅವಳಲ್ಲಿ ಕೆಟ್ಟದ್ದು ಒಂದಿಷ್ಟೂ ಇರಲಿಲ್ಲ, ಅದೇ ಕಷ್ಟ.

“ಅಯ್ಯೋ, ಎಷ್ಟು ಮುದ್ದಾಗಿದೆ ಹಸು!”

“ಹೋರಿರಿ ಅದು, ವರದಾ...” ಎಂದು ಕಲ್ಲಯ್ಯ ಶುರುಮಾಡಿದ.

“ಅಂಕಲ್, ಮಾತಾಡಬೇಡಿ, ಆಡಿಯೋ ಬರುತ್ತೆ,” ಎಂದ ಕ್ಯಾಮೆರಾದವ. “ಹಗ್ಗ ಗಟ್ಟಿ ಹಿಡ್ಕೊಂಡು ನಗ್ತಾ ಇರಿ, ಅಷ್ಟೇ.”

ಕಲ್ಲಯ್ಯ ಮೂಗುದಾರದ ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನಕ್ಕ. ಮಧುರಾ ಹೋರಿಯ ಹಣೆ ಸವರಿದಳು. ಅದರ ಮೈಯೆಲ್ಲಾ ನಡುಗಿತು. ಹಿಂದೆ ಸರಿಯಲು ಡೈನೋಸಾರಿನ ಕಾಲು ಅಡ್ಡ, ಮುಂದೆ ನುಗ್ಗಲು ಮೂಗಿನಲ್ಲಿ ಯಜಮಾನನ ಹಗ್ಗ.

“ಇದೇನು, ಕೊಬ್ಬರಿನಾ? ತಿನ್ನಬಹುದಾ?”

“ತಿನ್ನಿ ಮೇಡಂ, ತಿನ್ನಿ,” ಎಂದು ಸದಾಶಿವ ದೂರದಿಂದಲೇ ದಾನ ಮಾಡಿದ.

ಅವಳು ಒಂದು ಬಟ್ಟಲು ಕಿತ್ತು ಕಡಿದಳು. ಈಗ ಹಗ್ಗ ಬಿಟ್ಟರೆ ಹೋರಿ ಒಂದೇ ನೆಗೆತಕ್ಕೆ ಪಾರಾಗುತ್ತದೆ, ಹೆಸರೂ ಉಳಿಯುತ್ತದೆ. ಆದರೆ ಎದುರಿಗೇ ಅವಳು ನಿಂತಿದ್ದಾಳೆ. ಅವಳ ಹಿಂದೆ ಕ್ಯಾಮೆರಾ. ಅವನು ಹಗ್ಗವನ್ನು ಇನ್ನೂ ಒಂದು ಸುತ್ತು ಕೈಗೆ ಸುತ್ತಿಕೊಂಡ. ಅವಳ ಜೀವಕ್ಕೆ ಹೆದರಿಯೋ, ವಿಡಿಯೋ ಕೆಟ್ಟೀತೆಂದು ಹೆದರಿಯೋ, ಅವನಿಗೇ ಗೊತ್ತು. ನಗುವನ್ನಂತೂ ಬಿಡಲಿಲ್ಲ.

“ಸರಾನ ನೀವೇ ಹಾಕ್ಕೊಳ್ಳಿ ಮೇಡಂ, ಸೂಪರಾಗಿರತ್ತೆ,” ಎಂದ ಕ್ಯಾಮೆರಾದವ.

ಮಧುರಾ ಸರಕ್ಕೆ ಕೈ ಹಾಕಿ ಎಳೆದಳು. ಅದು ಕೊಂಬಿಗೆ ಸಿಕ್ಕಿತು. ಇನ್ನೊಮ್ಮೆ ಜೋರಾಗಿ ಎಳೆದಳು. ಪಟ್ಟೆಂದು ಹರಿಯಿತು. ಕಟ್ಟುಮಸ್ತಾದ ಹುಡುಗರು ಹಲ್ಲು ಮುರಿದುಕೊಂಡರೂ ಹರಿಯದ ಸರ, ಉಗುರುಬಣ್ಣ ಹಚ್ಚಿದ ಒಂದು ಕೈಗೆ ಹರಿಯಿತು. ಬಟ್ಟಲುಗಳು ಸಿಮೆಂಟಿನ ಮೇಲೆ ಉರುಳಿದವು. ಒಂದೆರಡು ಕೊಳಕ್ಕೆ ಬಿದ್ದು ತೇಲಿದವು.

“ಅಯ್ಯೋ ಸಾರಿ!” ಎಂದು ಅವಳು ನಕ್ಕಳು. “ಹಸು ಎಷ್ಟು ಸಾಧು ಅಂಕಲ್! ಥ್ಯಾಂಕ್ಯೂ.” ಪಾಪ, ಹೋಗುವ ಮುಂಚೆ ಅದಕ್ಕೊಂದು ಬಿಸ್ಕಿಟನ್ನೂ ತಿನ್ನಿಸಿದಳು.

ಹೋರಿಯನ್ನು ಹೇರಿಕೊಂಡ ಗಾಡಿ ಊರು ಮುಟ್ಟುವುದಕ್ಕೆ ಮೊದಲೇ ವಿಡಿಯೋ ಊರು ಮುಟ್ಟಿತ್ತು. ಕಲ್ಲಯ್ಯನ ಹೆಸರು ಅದರಲ್ಲಿ ಇರಲಿಲ್ಲ. ಹೋರಿಯದೂ ಇರಲಿಲ್ಲ, ‘ಮುದ್ದು ಹಸುವಿನ ಜೊತೆ ಮಧುರಾ’ ಎಂದಿತ್ತು. ಕಲ್ಲಯ್ಯ ಮಾತ್ರ ಸೊಗಸಾಗಿ ಬಂದಿದ್ದ. ಹುಟ್ಟಿದಂದಿನಿಂದ ಅಷ್ಟು ಪೂರ್ತಿಯಾಗಿ ಅವನು ಯಾವ ಚಿತ್ರದಲ್ಲೂ ಬಂದಿರಲಿಲ್ಲ: ಎರಡೂ ಕಿವಿ, ಹಗ್ಗ ಹಿಡಿದ ಎರಡೂ ಕೈ, ಬಾಯಿತುಂಬ ನಗು.

ಬಳಗದವರು ಅಂಗಳದಲ್ಲಿ ಕಾಯುತ್ತಿದ್ದರು. ಆನಂದನ ಕಣ್ಣು ಕೆಂಪಾಗಿತ್ತು.

“ಹಸು ಅಂದ್ಲಲ್ರೀ! ಹಸು!”

“ತಿಳೀದ ಅಂದಾಳ ಬಿಡೋ ತಮ್ಮಾ. ಅದು ಅಖಾಡ ಅಲ್ಲಲ್ಲ, ಪಾರ್ಕು. ಲೆಕ್ಕಕ್ಕ ಬರಂಗಿಲ್ಲ.”

“ಕೊಬ್ಬರಿ ಕಟ್ಟಿದವರು ಯಾರ್ರಿ?”

ಕಲ್ಲಯ್ಯ ಹೋರಿಯ ಕೊಂಬಿನ ರಿಬ್ಬನ್ ಬಿಚ್ಚತೊಡಗಿದ.

“ಅದು ಓಡಾಕ ನೋಡತಿತ್ತು. ಹಗ್ಗ ಹಿಡದವರು ಯಾರು? ಹಿಡದು ಹಲ್ಲು ಕಿಸದವರು ಯಾರು? ಎಷ್ಟು ವರ್ಷ ಎಷ್ಟು ಮಂದಿ ಬಂದು ಹಿಡಿಯಾಕ ಆಗಲಿಲ್ಲ. ನೀವ ಹಿಡಕೊಟ್ರಿ.”

“ಮೆರವಣಿಗಿ...” ಎಂದ ಕಲ್ಲಯ್ಯ.

“ಪಾರ್ಕಿನವರಿಗೆ ಕೇಳ್ರಿ, ಡೈನೋಸಾರ್ ಮ್ಯಾಲೆ ಕುಂದ್ರಿಸಿ ಮಾಡ್ತಾರ.”

ಹಳದಿ ಟೀ ಶರ್ಟುಗಳು ಒಂದೊಂದಾಗಿ ಕಟ್ಟೆಯ ಮೇಲೆ ಬಿದ್ದವು. ಮರುದಿನದ ಹೊತ್ತಿಗೆ ಬಳಗ ಪಕ್ಕದೂರಿನ ಒಂದು ಎಳೆ ಹೋರಿಯ ಅಭಿಮಾನಿ ಬಳಗವಾಗಿ, ಅದಕ್ಕೆ ಹಸಿರು ಟೀ ಶರ್ಟ್ ಹೊಲಿಯಲು ಹಾಕಿತ್ತು. ಸಂತೆಯಲ್ಲಿ ಗಿರಾಕಿ ಅಂಗಡಿ ಬದಲಿಸುವಾಗಲಾದರೂ ಒಂದು ಗಳಿಗೆ ಹಿಂದೆ ತಿರುಗಿ ನೋಡುತ್ತಾನೆ. ಕಳಚಿಟ್ಟ ಟೀ ಶರ್ಟುಗಳನ್ನು ಪಾರ್ವತವ್ವ ಒಗೆದು ಕೈವಸ್ತ್ರ ಮಾಡಿದಳು.

ಕಲ್ಲಯ್ಯ ಮಾತ್ರ ಸೋಲೊಪ್ಪಲಿಲ್ಲ. ಒಂದು ಓಟ ಗೆದ್ದರೆ ಸಾಕು, ವಿಡಿಯೋ ತಾನಾಗಿ ಅಳಿಸಿಹೋಗುತ್ತದೆ ಎಂದು ಅವನ ಎಣಿಕೆ. ಹುರುಳಿ ತಿನ್ನಿಸಿದ, ದಿನಾ ಹೊಳೆದಂಡೆಯಲ್ಲಿ ಓಡಿಸಿದ. ಹಬ್ಬದ ದಿನ ಹೊಸ ಕೊಬ್ಬರಿ ಸರ ಬಿಗಿಯಾಗಿ ಕಟ್ಟಿ, ತಾನೊಬ್ಬನೇ ಅಖಾಡಕ್ಕೆ ಹೊಡೆದುಕೊಂಡು ಹೋದ.

ಮೈಕಿನಲ್ಲಿ ಕೂಗುವವನಿಗೆ ಇಂಥ ಸರಕು ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ.

“ಬರಾಕತ್ತೈತಿ, ಬರಾಕತ್ತೈತಿ, ಧಾರಾವಾಹಿ ಅಕ್ಕಾರು ಬಿಸ್ಕಿಟ್ ಹಾಕಿ ಹಿಡದ ಹೋರಿ! ಎಕ್ಸ್‌ಪ್ರೆಸ್ ಅಂತ ಯಾರೂ ಅಂಜಬ್ಯಾಡ್ರಿ, ಇದು ಈಗ ಎಲ್ಲಾ ಸ್ಟಾಪಿನ್ಯಾಗ ನಿಲ್ಲತೈತಿ!”

ಹೋರಿಗೆ ಮೈಕು ತಿಳಿಯುವುದಿಲ್ಲ. ಹಗ್ಗ ಬಿಟ್ಟಿದ್ದೇ ಎಂದಿನಂತೆ ಬಾಣದ ಹಾಗೆ ಹಾರಿತು. ಅದು ಕಲಿತದ್ದು ಒಂದೇ ವಿದ್ಯೆ: ಕೈ ಕಂಡಲ್ಲಿ ತಪ್ಪಿಸಿಕೊಳ್ಳುವುದು. ಆದರೆ ಎರಡೂ ಕಡೆ ಒಂದೂ ಕೈ ಚಾಚಲಿಲ್ಲ. ಹಸಿರು ಟೀ ಶರ್ಟಿನ ಆನಂದ ಬೆಳಿಗ್ಗೆಯೇ ಮಾತಾಡಿಟ್ಟಿದ್ದ. ಸಾಲು ಸಾಲು ಹುಡುಗರು ಎದೆಗೆ ಕೈ ಕಟ್ಟಿ ನಿಂತಿದ್ದರು. ಕೂಗಿಲ್ಲ, ಸಿಳ್ಳೆಯಿಲ್ಲ. ಹೋರಿಯ ಓಟ ನಡಿಗೆಯಾಯಿತು. ನಡಿಗೆಯೂ ಸಾಕೆನಿಸಿ, ನಡು ಅಖಾಡದಲ್ಲಿ ನಿಂತು ಅದು ಆಚೆ ಈಚೆ ಕತ್ತು ತಿರುಗಿಸಿತು. ಯಾರೋ ಒಬ್ಬ ಬಿಸ್ಕಿಟ್ ಪೊಟ್ಟಣ ಬಿಚ್ಚಿದ. ಸದ್ದು ಕೇಳಿದ್ದೇ ಅದು ಅತ್ತ ಮೂತಿ ಚಾಚಿತು. ಅಲ್ಲಿಗೆ ಅಖಾಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕಲ್ಲಯ್ಯ ಪಂಚೆ ಎತ್ತಿಕಟ್ಟಿ ನಡುವೆ ಓಡಿಬಂದ. ಹೋರಿ ಮೊದಲ ಸಲ ಅಖಾಡಕ್ಕೆ ಇಳಿದಾಗಿನಿಂದ ಯಾರೂ ಮುಟ್ಟದಿರಲಪ್ಪಾ ಎಂದು ಮಧುಕೇಶ್ವರನಿಗೆ ಹರಕೆ ಹೊರುತ್ತಿದ್ದವನು, ಕೈ ಕಟ್ಟಿ ನಿಂತವರ ಮುಂದೆ ಒಬ್ಬೊಬ್ಬರ ಮುಖ ನೋಡುತ್ತಾ ಕೂಗತೊಡಗಿದ.

“ಹಿಡೀರಲೇ! ಒಬ್ಬನಾದ್ರೂ ಕೈ ಹಾಕ್ರಲೇ! ಹರಕೊಂಡ ಹೋಗ್ರಿ, ಬ್ಯಾಡ ಅನ್ನಂಗಿಲ್ಲ! ಆನಂದಾ, ನೀನರ ಬಾರೋ!”

ಆನಂದ ಆಕಾಶ ನೋಡುತ್ತಿದ್ದ.

ಕೊರಳ ಕೊಬ್ಬರಿ ಒಂದೂ ಕದಲಿರಲಿಲ್ಲ. ನಿಯಮದ ಪ್ರಕಾರ ಹೋರಿ ಗೆದ್ದಿತ್ತು. ಹಬ್ಬದ ಕಮಿಟಿಯವನೊಬ್ಬ ಬಂದು ಕಲ್ಲಯ್ಯನ ಭುಜ ತಟ್ಟಿದ, ಮರ್ಯಾದೆಯಿಂದಲೇ.

“ಯಜಮಾನ್ರ, ಇದನ್ನ ಒಂಚೂರು ಬಾಜೂಕ ಹೊಡ್ಕೋರಿ. ಹಿಂದ ಹೋರಿ ಬರಾಕತ್ತೈತಿ.”