ಮಾವನ ಕೋವಿಗೆ ಬಾಹ್ಯಾಕಾಶದ ವೇಷ

ಸಿನಿಮಾ ಸ್ಟುಡಿಯೋದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು ಎಲ್ಲರೂ ಡಬ್ಬಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾರಿಗೂ ಪಾಠ ಹೇಳಿದವರಲ್ಲ. ಖಾಲಿ ಡಬ್ಬಿ ಕಂಡರೆ ಬಿಡುತ್ತಿರಲಿಲ್ಲ, ಅಷ್ಟೆ. ಹಳೆಯ ಮಹಾಯುದ್ಧದಲ್ಲಿ ದುಡಿದು ಸುಸ್ತಾದ, ನಳಿಗೆಗೆ ಸೀಸ ಸುರಿದು ಬಾಯಿ ಮುಚ್ಚಿಸಿದ ರೈಫಲ್ಲುಗಳನ್ನು ತಂದು, ಅವಕ್ಕೆ ಟಾರ್ಚಿನ ತಲೆ, ಹೇರ್ ಡ್ರೈಯರಿನ ಮೂತಿ, ಮಿಕ್ಸಿ ಜಾರಿನ ಮುಚ್ಚಳ ಕೂರಿಸಿ ಬೇರೆ ಗ್ರಹದ ಆಯುಧ ಮಾಡುವುದು ಅವರ ಕಸುಬು. ಮರದಲ್ಲಿ ಕೆತ್ತಿದ ಕೋವಿ ಕೊಟ್ಟರೆ ನಟ ಪೊರಕೆ ಹಿಡಿದ ಹಾಗೆ ಕಾಣುತ್ತಾನೆ, ನಿಜವಾದ ಕಬ್ಬಿಣದ ಭಾರ ಬಿದ್ದರೆ ಹೆಗಲು ತಾನೇ ನೆಟ್ಟಗಾಗುತ್ತದೆ ಎಂಬುದು ಅವರ ವಾದ. ಮನೆಯಲ್ಲಿ ಏನು ಕಾಣೆಯಾದರೂ ಹೆಂಡತಿ ಹುಡುಕುವ ಗೋಜಿಗೇ ಹೋಗುತ್ತಿರಲಿಲ್ಲ. ಸಿನಿಮಾ ಬಿಡುಗಡೆಯಾದಾಗ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಒಮ್ಮೆ ಒಂದೇ ಮಾದರಿಯ ಎರಡು ರೈಫಲ್ ಬೇಕಾದವು. ನಾಯಕಿಯ ಕೈಗೊಂದು, ಅವಳ ಬದಲು ಮಾಳಿಗೆಯಿಂದ ಜಿಗಿಯುವವಳ ಕೈಗೊಂದು. ಬಾಡಿಗೆ ಅಂಗಡಿಯಲ್ಲಿ ಇದ್ದದ್ದು ಒಂದೇ. ಅದರ ಜೋಡಿ ಮೇಷ್ಟ್ರ ಮನೆಯ ಅಟ್ಟದಲ್ಲಿತ್ತು. ಹೆಂಡತಿಯ ಅಪ್ಪ ಹತ್ತಿ ಗಿರಣಿಯ ಗೇಟಿನಲ್ಲಿ ಆಯುಷ್ಯವಿಡೀ ಹಿಡಿದು ನಿಂತಿದ್ದ ರೈಫಲ್ ಅದು. ಗಿರಣಿ ಮುಚ್ಚಿದಾಗ ನಳಿಗೆಗೆ ಸೀಸ ತುಂಬಿಸಿ ಅವರಿಗೇ ಕೊಟ್ಟಿದ್ದರು. ಅಂಗೈ ಆಡಿ ಆಡಿ ಮರದ ಹಿಡಿ ಒಂದು ಕಡೆ ಸವೆದು ಹೊಳೆಯುತ್ತಿತ್ತು. ಅಪ್ಪನದೆಂದು ಅವಳ ಬಳಿ ಉಳಿದದ್ದು ಅದೊಂದೇ.

ಕೇಳಲು ಮೇಷ್ಟ್ರು ಹಿಂದೆಮುಂದೆ ನೋಡುತ್ತಿದ್ದರು. ಅವಳೇ ಅಟ್ಟ ಹತ್ತಿ, ಧೂಳು ಕೊಡವಿ ತಂದುಕೊಟ್ಟಳು.

"ಹೇಗೆ ತಗೊಂಡು ಹೋಗ್ತೀರೋ ಹಾಗೇ ವಾಪಸ್ ತನ್ನಿ," ಎಂದಳು.

ಮೇಷ್ಟ್ರು ಕೆಲಸಕ್ಕೆ ಕೂತರೆ ಮೈಮರೆಯುವ ಪೈಕಿ. ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಬಾರದೆಂದು ನಿರ್ದೇಶಕರು ಹೇಳಿದ್ದರು. ಬೇರೆ ಗ್ರಹದವರ ಆಯುಧದ ಮೇಲೆ ನಮ್ಮ ಅಂಕಿ ಎಲ್ಲಿಂದ ಬರಬೇಕು ಎಂದುಕೊಂಡು ಮೇಷ್ಟ್ರು ಲೋಹದ ಮೇಲಿದ್ದ ನಂಬರುಗಳನ್ನೂ ಅರದಲ್ಲಿ ಉಜ್ಜಿ ಅಳಿಸಿದರು. ಎರಡರ ಮರಕ್ಕೂ ಒಂದೇ ಸಮ ಆಗುವವರೆಗೆ ಉಪ್ಪುಕಾಗದ ತಿಕ್ಕಿ ಕಪ್ಪು ಬಣ್ಣ ಬಳಿದರು. ಕೋವಿಗಳನ್ನು ಮುಟ್ಟಿ ಮುಟ್ಟಿ ಹೊಗಳದವರೇ ಇಲ್ಲ. ಮೇಷ್ಟ್ರು ಉಬ್ಬಿಹೋದರು.

ಚಿತ್ರೀಕರಣ ಮುಗಿದು, ವೇಷ ಕಳಚಿ, ಬಣ್ಣ ತೊಳೆದು ಎರಡನ್ನೂ ಮೇಜಿನ ಮೇಲೆ ಮಲಗಿಸಿದರು. ಯಾವುದು ಮಾವನದು, ಯಾವುದು ಅಂಗಡಿಯದು? ಎತ್ತಿ ನೋಡಿದರು, ಮೂಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಬಾಡಿಗೆ ಅಂಗಡಿಯವನಂತೂ ಯಾವುದಾದರೇನು, ಒಂದು ಬಂದರೆ ಸಾಕು ಎಂದುಬಿಟ್ಟ. ಒಂದನ್ನು ಮನೆಗೆ ಒಯ್ದು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹೆಂಡತಿಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಗುಂಡಿಗೆ ಈ ಮನುಷ್ಯನಿಗೆ ಎಲ್ಲಿತ್ತು! ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಅವಳು ಬಸ್ಸು ಹಿಡಿದು ಬಂದಳು. ಬೈಯಲಿಲ್ಲ, ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಎರಡರ ಮೇಲೂ ನಿಧಾನವಾಗಿ ಕೈಯಾಡಿಸಿದಳು. ಒಂದನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡು, "ಇದೇ ಅಪ್ಪನದು," ಎಂದಳು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ದಾರಿಯಲ್ಲಿ ಯಾರೂ ಗಾಬರಿಯಾಗದಿರಲೆಂದು ಅದಕ್ಕೆ ಚಾದರ ಸುತ್ತಿ ಇಬ್ಬರೂ ಹೊರಟರು.

ಬಸ್ ಸ್ಟಾಪಿನಲ್ಲಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಗುರುತು ಹೇಗೆ ಸಿಕ್ಕಿತು ಎಂದು ಕೇಳಿದರು.

"ಎಲ್ಲಿ ಸಿಕ್ತು? ನನಗೂ ಗೊತ್ತಾಗಲಿಲ್ಲ," ಎಂದಳು.

"ಮತ್ತೆ ಇದೇ ಅಂದೆಯಲ್ಲೇ?"

"ನಿಮ್ಮ ಮುಖ ನೋಡೋಕೆ ಆಗಲಿಲ್ಲ ರೀ. ಅಪ್ಪ ಹೋಗಿ ಯಾವ ಕಾಲ ಆಯ್ತು. ನನಗೆ ಇರೋದು ನೀವು ತಾನೆ."

ಬಸ್ಸು ಬಂತು. ಗಂಟನ್ನು ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಇಟ್ಟುಕೊಂಡು ಕೂತರು. ಅವಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಮೇಷ್ಟ್ರು ಅವಳ ಕೈ ಹಿಡಿದುಕೊಂಡರು.