ಭಜನೆ ಮೇಷ್ಟ್ರು ಮುಚ್ಚಿಟ್ಟ ಕಾಯಿಲೆ

ಹೋದ ತಿಂಗಳು ಒಂದು ಶನಿವಾರ ಹಿಂದಿನ ಬೀದಿಯವರು ಪೂಜೆ ಮಾಡಿಸಿದ್ದೆವು ಎಂದು ಪ್ರಸಾದದ ಡಬ್ಬಿ ಕೊಟ್ಟುಹೋದರು. ಮುಚ್ಚಳ ತೆಗೆದೆ. ಸಿಹಿ ಪೊಂಗಲ್. ತುಪ್ಪದ ಘಮಕ್ಕಿಂತ ಮೊದಲು ಪಚ್ಚಕರ್ಪೂರದ ವಾಸನೆ ಬಂತು. ಬೇರೆಯವರಿಗೆ ಆ ವಾಸನೆ ಬಂದರೆ ಗರ್ಭಗುಡಿ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಬೀದಿಯ ಭಜನೆ ಮೇಷ್ಟ್ರು. ಅವರ ಅಂಗೈ, ಹೆಗಲ ಮೇಲಿನ ಟವೆಲು, ತಾಳದ ದಾರ... ಎಲ್ಲದರಲ್ಲೂ ಅದೇ ವಾಸನೆ ಇರುತ್ತಿತ್ತು.

ನಾನು ಡಬ್ಬಿ ಹಿಡಿದು ಹಾಗೇ ನಿಂತಿದ್ದಾಗ ನಮ್ಮ ಯಜಮಾನರು ಚಮಚ ತೆಗೆದುಕೊಂಡು ಬಂದರು. ಅವರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ವರ್ಷಕ್ಕೊಂದು ಸಲ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸುತ್ತಾರೆ. ಈ ಸಲ ಸ್ಕ್ಯಾನ್ ಮಾಡಿದ ಡಾಕ್ಟರು, ಲಿವರ್‌ನಲ್ಲಿ ಕೊಬ್ಬು ಸೇರಿದೆ, ಇನ್ನೂ ಶುರುವಿನಲ್ಲೇ ಇದೆ, ಈಗಲೇ ಎಚ್ಚೆತ್ತುಕೊಂಡರೆ ಸರಿಹೋಗುತ್ತದೆ ಎಂದಿದ್ದರು. ಶುರುವಿನಲ್ಲೇ ಗೊತ್ತಾಯಿತಲ್ಲ, ಅದೇ ದೇವರ ದಯೆ ಎಂದು ನಾನು ದೀಪ ಹಚ್ಚಿದ್ದೆ. ಇವರು ಮಾತ್ರ ಅವತ್ತಿನಿಂದ ಒಂದೇ ರಾಗ.

"ಯಾರ ಹತ್ರನೂ ಬಾಯಿ ಬಿಡ್ಬೇಡ ಕಣೇ. ಲಿವರ್ ಅಂದ್ರೆ ಕುಡೀತಾನೆ ಅಂದ್ಕೊಂಡ್ಬಿಡ್ತಾರೆ. ಕೇಳಿದ್ರೆ ಗ್ಯಾಸ್ಟ್ರಿಕ್ ಅನ್ನು."

ಆ ಸಂಜೆ ಪಚ್ಚಕರ್ಪೂರದ ವಾಸನೆಯೂ ಈ ಮಾತೂ ನನ್ನ ತಲೆಯಲ್ಲಿ ಒಂದಕ್ಕೊಂದು ತಾಗಿದವು. ಇದೇ ಮಾತನ್ನು, ಇದೇ ಕಾಯಿಲೆಗೆ, ಮೇಷ್ಟ್ರೂ ಹೇಳಿದ್ದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ, ಮನೆಯ ಹಿಂಭಾಗದಲ್ಲಿ ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದರು. ಬೀದಿಯ ಭಜನೆ ಕಟ್ಟಿ ನಡೆಸಿಕೊಂಡು ಬಂದವರು ಅವರೇ, ಅದಕ್ಕೇ ಆ ಹೆಸರು. ಶನಿವಾರ ಸಂಜೆ ಅವರ ಮಗ್ಗ ನಿಂತರೆ ಇಡೀ ಬೀದಿಗೆ ಕಿವಿ ತೆರೆದ ಹಾಗಾಗುತ್ತಿತ್ತು. ಭಜನೆಗೆ ಹೊತ್ತಾಯಿತು ಎಂದು ನಾವು ಕೈಕಾಲು ತೊಳೆದುಕೊಳ್ಳುತ್ತಿದ್ದೆವು.

ಆವತಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಭಜನೆಯಲ್ಲಿ ಬಾಗಿಲ ಮರೆಯಲ್ಲಿ ಕೂತು ತುಟಿ ಮಾತ್ರ ಆಡಿಸುತ್ತಿದ್ದೆ. ಅತ್ತೆಯವರ ಮುಂದೆ ದನಿ ಎತ್ತಿ ಹಾಡಲು ಭಯ. ಒಂದು ದಿನ ಮೇಷ್ಟ್ರು ತಾಳ ನಿಲ್ಲಿಸಿ, "ಏನ್ ಮಗಳೇ, ಆವತಿಯೋರು ದೇವರ ಹತ್ರನೂ ಗುಟ್ಟಾ? ಜೋರಾಗಿ ಹಾಡಮ್ಮ. ನಿಮ್ಮತ್ತೆ ಏನಾದ್ರೂ ಅಂದ್ರೆ ನನ್ನ ಹೆಸರು ಹೇಳು" ಎಂದರು. ಎಲ್ಲರೂ ನಕ್ಕರು, ಅತ್ತೆಯವರೂ ನಕ್ಕರು. ತವರು ಬಿಟ್ಟು ಬಂದವಳಿಗೆ ಈ ಊರು ನನ್ನದು ಅನ್ನಿಸಿದ್ದು ಅವತ್ತು. ನನ್ನ ಲೆಕ್ಕದಲ್ಲಿ ಇದೂ ಒಂದು ಕೃಪೆಯೇ.

ಭಜನೆ ವಾರಕ್ಕೊಂದು ಮನೆಯಲ್ಲಿ. ಯಾರ ಮನೆಯಲ್ಲಿ ಭಜನೆಯೋ ಅವರದೇ ಪ್ರಸಾದ. ಪೊಂಗಲ್, ಸಜ್ಜಿಗೆ, ಕೇಸರಿಬಾತು, ರಸಾಯನ... ಮೇಷ್ಟ್ರಿಗೆ ಎರಡನೇ ಸಲ ಬಡಿಸದೆ ಕಳಿಸಿದರೆ ಆ ಮನೆಯ ಹೆಂಗಸಿಗೆ ವಾರವೆಲ್ಲ ಮುಖ ತೋರಿಸಲು ಆಗುತ್ತಿರಲಿಲ್ಲ. ಅವರೂ ಪ್ರಸಾದ ಬೇಡ ಎನ್ನುವವರಲ್ಲ. "ಸಾಕಮ್ಮ, ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಆದರೆ ಆ ಬೆರಳುಗಳ ನಡುವೆ ಒಂದು ಸೌಟು ಧಾರಾಳವಾಗಿ ಇಳಿಯುವಷ್ಟು ಜಾಗ ಇರುತ್ತಿತ್ತು. ಜೊತೆಗೆ ಉಪವಾಸಗಳು. ಸೋಮವಾರ, ಏಕಾದಶಿ, ಸಂಕಷ್ಟಿ. ಉಪವಾಸ ಎಂದರೆ ಅನ್ನ ಇಲ್ಲ ಅಷ್ಟೇ. ಬೆಲ್ಲ ಹಾಕಿದ ಅವಲಕ್ಕಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ಚಿಪ್ಪೇ ಮುಗಿಯುತ್ತಿತ್ತು. "ಉಪವಾಸ ಮಾಡಿದ್ರೆ ಹೊಟ್ಟೆ ಶುದ್ಧ ಆಗ್ತದೆ" ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಆ ಹೊಟ್ಟೆ ವರ್ಷದಿಂದ ವರ್ಷಕ್ಕೆ ಮುಂದೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಪ್ರಸಾದಕ್ಕೆ ಸಕ್ಕರೆ ಲೆಕ್ಕವಿಲ್ಲ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು.

ಅವರು ಒಂದು ಬೀಡಿ ಸೇದಿದವರಲ್ಲ. ಹೆಂಡದ ವಾಸನೆ ಬಂದರೆ ಬೀದಿಯ ಆಚೆ ಪಕ್ಕಕ್ಕೆ ಹೋಗುತ್ತಿದ್ದರು. ಬೀದಿ ಕೊನೆಯ ಮನೆಯಲ್ಲಿ ಕುಡಿದು ಕುಡಿದು ಲಿವರ್ ಕೆಟ್ಟು ಒಬ್ಬರು ಹೋದಾಗ, ಮೇಷ್ಟ್ರು ಭಜನೆ ಮಧ್ಯೆ ಎಲ್ಲರಿಗೂ ಬುದ್ಧಿ ಹೇಳಿದ್ದರು. "ದೇವರು ಕೊಟ್ಟ ದೇಹಾನ ಬಚ್ಚಲು ಮಾಡ್ಕೊಂಡ್ರೆ ಇನ್ನೇನಾಗ್ತದೆ? ಲಿವರ್ ಹೋಯ್ತು ಅಂದ್ರೆ ಮುಗೀತು, ಅವನು ಹೆಂಗೆ ಬದುಕಿದ್ದ ಅಂತ ಊರಿಗೇ ಗೊತ್ತಾಯ್ತು." ಹುಡುಗರು ಕುಡಿಯಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ನಾವೆಲ್ಲ ತಲೆಯಾಡಿಸಿದೆವು. ಆ ಮಾತು ಸುತ್ತಿ ಬಂದು ಅವರ ಬಾಯಿಯನ್ನೇ ಕಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅದಾಗಿ ಒಂದೆರಡು ವರ್ಷಕ್ಕೆ ಅವರಿಗೆ ಸುಸ್ತು ಶುರುವಾಯಿತು. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಏನಂತೆ ಮೇಷ್ಟ್ರೇ ಎಂದು ಕೇಳಿದರೆ, "ಏನಿಲ್ಲಮ್ಮ, ಗ್ಯಾಸ್ಟ್ರಿಕ್ಕು" ಎಂದರು. ನಿಜ ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅಕ್ಕನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದರಂತೆ. "ಲಿವರ್ ಅನ್ನೋ ಪದ ಈ ಹೊಸ್ತಿಲು ದಾಟಬಾರ್ದು. ನಾಳೆ ಯಾವ ಮುಖ ಇಟ್ಕೊಂಡು ತಾಳ ಹಿಡೀಲಿ ನಾನು?"

ಆಮೇಲೆ ಆಸ್ಪತ್ರೆಗೂ ಹೋಗಲಿಲ್ಲ. ಅಲ್ಲಿನ ಬೆಂಚಿನ ಮೇಲೆ ಕೂತರೆ ಗುರುತಿನವರು ಯಾಕೆ ಬಂದಿರಿ ಎಂದು ಕೇಳುತ್ತಾರಲ್ಲ. ಅದರ ಬದಲು ಲಿವರ್ ತೊಳೆದು ಶುದ್ಧ ಮಾಡುತ್ತದೆ ಎಂದು ಯಾರೋ ಮಾರುತ್ತಿದ್ದ ಪುಡಿಯನ್ನು ತರಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಿದ್ದರು. ಉಪವಾಸಗಳನ್ನು ಇನ್ನೂ ಹೆಚ್ಚು ಮಾಡಿದರು. ಉಪವಾಸದ ಅವಲಕ್ಕಿ, ಪಾಯಸವೂ ಹೆಚ್ಚಾಯಿತು. ಶನಿವಾರದ ಎರಡನೇ ಸೌಟು ನಿಲ್ಲಲಿಲ್ಲ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ ಎಂಬ ಭಯಕ್ಕೆ, ಬೇಡವಾದಾಗಲೂ ತಿಂದರಂತೆ.

ಕಾಲು ಊದಿಕೊಂಡಿತು. ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು. ಒಂದು ಶನಿವಾರ ಹಾಡಿನ ಮಧ್ಯೆ ತಾಳ ತಪ್ಪಿತು. ಅವರಿಗೆ ತಾಳ ತಪ್ಪಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಮಾರನೇ ದಿನ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಅಕ್ಕನ ಜೊತೆಗೆ ನಾನೂ ಹೋದೆ. ಅಕ್ಕ ನಿಜ ಹೇಳಿದ್ದು ಆ ದಾರಿಯಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು.

ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆಯೇ, "ಎಷ್ಟು ವರ್ಷದಿಂದ ಕುಡೀತಿದ್ರಿ?"

ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಸಿಟ್ಟು ಬಂತು. "ಅಮ್ಮಾ, ಅವರು ನಲವತ್ತು ವರ್ಷದಿಂದ ಭಜನೆ ಮಾಡ್ಕೊಂಡು ಬಂದಿರೋರು. ಒಂದು ತೊಟ್ಟು ಮುಟ್ಟಿಲ್ಲ" ಎಂದೆ. ಆಕೆ ಪೆನ್ನು ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು.

"ಅಜ್ಜಾ, ಈ ಕಡೆ ತಿರುಗಿ. ಕುಡಿಯೋದು ಕೇಳ್ಬೇಕು, ನನ್ನ ಕೆಲಸ ಅದು. ಆದ್ರೆ ಕುಡೀದೇ ಇರೋರಿಗೂ ಇದು ಬರುತ್ತೆ. ದಿನಾ ಇಂಥೋರನ್ನ ನೋಡ್ತೀನಿ. ನೀವೇನೂ ತಪ್ಪು ಮಾಡಿಲ್ಲ."

ಆಮೇಲೆ ನಮಗೆ ಬಿಡಿಸಿ ಹೇಳಿದರು. ನಾವು ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಹೋಗುವುದು ಲಿವರ್‌ಗೆ. ಬೇಕಾದದ್ದನ್ನು ಅದು ಎತ್ತಿಡುತ್ತದೆ, ವಿಷವನ್ನು ಮುರಿದು ಹೊರಗೆ ಹೋಗುವ ಹಾಗೆ ಮಾಡುತ್ತದೆ, ಜಿಡ್ಡು ಕರಗಿಸಲು ಪಿತ್ತರಸ ಮಾಡಿಕೊಡುತ್ತದೆ. ಮನೆಯಲ್ಲಿ ಅಡುಗೆ ಮಾಡುವವಳು, ಉಗ್ರಾಣ ನೋಡುವವಳು, ಕಸ ಹೊರಹಾಕುವವಳು ಎಲ್ಲ ಒಬ್ಬಳೇ ಆದ ಹಾಗೆ ಎಂದು ನನಗೆ ಅರ್ಥವಾಯಿತು. ಅವಳು ನೋವು ಹೇಳಿಕೊಳ್ಳುವುದೂ ಇಲ್ಲ. ಲಿವರ್ ಕೂಡ ಮುಕ್ಕಾಲು ಕೆಡುವವರೆಗೆ ಸುಮ್ಮನಿರುತ್ತದಂತೆ. ಸಿಹಿ, ಕರಿದದ್ದು, ಕೂತಲ್ಲೇ ಕೂರುವುದು, ಮೈಮೇಲೆ ಬಂದ ಬೊಜ್ಜು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಇವೆಲ್ಲ ಸೇರಿ ಅದರಲ್ಲಿ ಕೊಬ್ಬು ತುಂಬಿಸುತ್ತವೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ಗಟ್ಟಿಯಾಗಿ ಕಲ್ಲಿನಂತಾಗುತ್ತದೆ.

"ಮತ್ತೆ ಆ ತೊಳೆಯೋ ಪುಡಿ?" ಎಂದು ಅಕ್ಕ ಅಂಜುತ್ತಾ ಕೇಳಿದರು.

"ಅದನ್ನ ಹೊರಗಿಂದ ತೊಳೆಯೋಕೆ ಆಗಲ್ಲಮ್ಮ, ತೊಳೆಯೋದೇ ಅದರ ಕೆಲಸ. ಏನೇನು ಹಾಕಿದಾರೋ ಗೊತ್ತಿಲ್ಲದ ಪುಡಿ ಕೊಟ್ರೆ, ಆ ಪುಡೀನೂ ಅದೇ ತೊಳೀಬೇಕು. ಹೊರೆ ಇಳಿಸಿ, ಸಾಕು. ಇವರು ಮೊದಲನೇ ಸ್ಕ್ಯಾನ್ ಆದಾಗಲೇ ಬಂದಿದ್ರೆ..."

ಮೇಷ್ಟ್ರು ಈಗ ನಮ್ಮ ಕಡೆ ಮುಖ ತಿರುಗಿಸಿದರು. ಕಣ್ಣಿನಲ್ಲಿ ನೀರು, ತುಟಿಯಲ್ಲಿ ಮಾತ್ರ ಹಳೆಯ ಹಾಸ್ಯ. "ಡಾಕ್ಟರಮ್ಮ, ನೀವೇನೂ ತಪ್ಪು ಮಾಡಿಲ್ಲ ಅಂದ್ರಲ್ಲ... ಅದನ್ನ ನಮ್ಮ ಬೀದೀಲಿ ಮೈಕ್ ಹಾಕಿ ಹೇಳ್ತೀರಾ?" ಎಂದರು.

ಕೆಲವು ತಿಂಗಳು ಇದ್ದರು. ಅವರನ್ನು ನೋಡಿದ ಆಸ್ಪತ್ರೆಯವರು ಕೈಲಾದದ್ದನ್ನೆಲ್ಲ ಮಾಡಿದರು. ಆಮೇಲೆ ಹೋದರು. ತಿಥಿಯ ಊಟದ ಪಂಕ್ತಿಯಲ್ಲಿ, ನಾನು ಸಾರು ಬಡಿಸುತ್ತಿದ್ದಾಗ, ಒಬ್ಬರು ಪಕ್ಕದವರಿಗೆ ಹೇಳುವುದು ಕಿವಿಗೆ ಬಿತ್ತು. "ಲಿವರಂತೆ ಕಣ್ರೀ. ಒಳಗೊಳಗೇ ಹಾಕ್ತಿದ್ರೋ ಏನೋ, ಯಾರು ಕಂಡವ್ರೆ?" ಅಕ್ಕನೂ ಅಲ್ಲೇ ಹಪ್ಪಳ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. "ಬಿಡಮ್ಮ. ಆಣೆ ಮಾಡಿದೀನಿ." ಅಷ್ಟೇ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆಯೂ ಬರಲಿಲ್ಲ.

ಇದಿಷ್ಟೂ ಆ ಡಬ್ಬಿ ಹಿಡಿದು ನಿಂತಲ್ಲೇ ನನ್ನ ಕಣ್ಣ ಮುಂದೆ ಹೋಯಿತು. ಒಂದು ಚಿಟಿಕೆಯಷ್ಟು ಪೊಂಗಲ್ ತೆಗೆದು ಯಜಮಾನರ ಅಂಗೈಗೆ ಹಾಕಿದೆ.

"ಇಷ್ಟೇನಾ?"

"ಇಷ್ಟೇ ಪ್ರಸಾದ. ಇದಕ್ಕಿಂತ ಜಾಸ್ತಿ ಆದ್ರೆ ಅದು ತಿಂಡಿ. ಇನ್ನೊಂದು ಮಾತು ಕೇಳಿಸ್ಕೊಳ್ಳಿ. ನಾನು ಗ್ಯಾಸ್ಟ್ರಿಕ್ ಅನ್ನಲ್ಲ. ಯಾರು ಕೇಳಿದ್ರೂ ಇರೋದನ್ನೇ ಹೇಳ್ತೀನಿ. ನೀವೂ ಹೇಳ್ಬೇಕು."

"ಮರ್ಯಾದೆ ಪ್ರಶ್ನೆ ಕಣೇ..."

"ಮೇಷ್ಟ್ರೂ ಮರ್ಯಾದೇನೇ ಉಳಿಸ್ಕೊಳ್ಳೋಕೆ ಹೋದ್ರು. ಅವರೂ ಉಳೀಲಿಲ್ಲ, ಅದೂ ಉಳೀಲಿಲ್ಲ."

ಮಾರನೇ ಬೆಳಗ್ಗೆ ಶಿಫ್ಟಿಗೆ ಮೊದಲು ಅವರು ಶೂ ಹಾಕಿಕೊಂಡು ಕೆರೆ ಏರಿಯ ಕಡೆ ಹೊರಟರು. ನಾನೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೋದೆ. ಇವತ್ತಿಗೂ ಹೋಗುತ್ತಿದ್ದೇವೆ. ನನ್ನ ಮಂಡಿ ಅಷ್ಟು ದೂರ ನಡೆಯಲು ಬಿಡುತ್ತಿದೆಯಲ್ಲ, ಅದಕ್ಕೂ ದೇವರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಚಿಕ್ಕದಾಗಿದೆ. ಮುದ್ದೆಯೂ ಹಿಡಿಯಷ್ಟೇ, ಸೊಪ್ಪಿನ ಸಾರು ಜಾಸ್ತಿ. ಕಾಫಿಗೆ ಸಕ್ಕರೆ ಇಲ್ಲ. ಬಾಟಲಿಯ ಸಿಹಿ ಪಾನೀಯ ಮನೆಗೆ ಬರುವುದಿಲ್ಲ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದನ್ನೂ ಬಿಡಿಸಿದ್ದೇನೆ. ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಮೊನ್ನೆ ಶನಿವಾರದ ಭಜನೆ ನಮ್ಮ ಮನೆಯಲ್ಲಿತ್ತು. ಮಂಗಳಾರತಿ ಆದಮೇಲೆ ಹೆಸರುಬೇಳೆ ಕೋಸಂಬರಿ, ಕತ್ತರಿಸಿದ ಸೀಬೆಹಣ್ಣು ಹಂಚಿದೆ. ಮೂಲೆಮನೆಯಾಕೆ ದೊನ್ನೆಯೊಳಗೆ ಇಣುಕಿ, "ಏನಮ್ಮಾ, ದೇವರಿಗೂ ಡಯಟ್ ಮಾಡಿಸ್ತಿದೀಯಾ?" ಎಂದರು. ಎಲ್ಲರೂ ನಕ್ಕರು. ನಾನು ಯಜಮಾನರ ಮುಖ ನೋಡಿದೆ. ಅವರು ದೊನ್ನೆ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಇಟ್ಟರು.

"ದೇವರಿಗಲ್ಲ, ನನಗೆ. ನನ್ನ ಲಿವರ್‌ನಲ್ಲಿ ಕೊಬ್ಬು ಸೇರಿದೆಯಂತೆ. ನಾನು ಕುಡಿಯೋನಲ್ಲ. ನಂಬೋರು ನಂಬಿ, ಬಿಡೋರು ಬಿಡಿ."

ನಗು ನಿಂತಿತು. ಗೋಡೆಗೆ ಒರಗಿ ಕೂತಿದ್ದ ಅಕ್ಕ ಮಂಡಿಯ ಮೇಲೆ ಕೈಯೂರಿ ಎದ್ದು ನಿಂತರು.

"ನಮ್ಮೋರಿಗೂ ಅದೇ ಇದ್ದಿದ್ದು" ಎಂದರು. "ಗ್ಯಾಸ್ಟ್ರಿಕ್ ಅಲ್ಲ. ಅವರೂ ಕುಡೀತಿರ್ಲಿಲ್ಲ. ನೀವು ಆಡ್ಕೊಂಡಿದ್ದೆಲ್ಲ ನನಗೂ ಕೇಳಿಸಿದೆ. ಹೇಳ್ಬಾರ್ದು ಅಂತ ಆಣೆ ತಗೊಂಡಿದ್ರು. ಇವತ್ತು ಮುರಿದಿದೀನಿ, ದೇವರು ಏನು ಮಾಡ್ತಾನೋ ಮಾಡ್ಲಿ." ನನ್ನ ಕಡೆ ತಿರುಗಿದರು. "ಆ ಡಾಕ್ಟರಮ್ಮ ಹೇಳಿದ್ದು ಇವಳಿಗೆ ನೆನಪಿದೆ. ಹೇಳಮ್ಮ ಎಲ್ರಿಗೂ. ನನಗೆ ಅಷ್ಟು ಬರಲ್ಲ."

ನಾನು ಹೇಳಿದೆ. ಗೊತ್ತಿದ್ದಷ್ಟು, ನನ್ನ ಮಾತಿನಲ್ಲಿ. ಎಲ್ಲರೂ ಹೋದಮೇಲೆ ಮೂಲೆಮನೆಯಾಕೆ ಮಾತ್ರ ಬಾಗಿಲ ಹತ್ತಿರ ಉಳಿದರು. ಮಗನ ರಿಪೋರ್ಟಿನಲ್ಲೂ ಹಾಗೇ ಏನೋ ಬಂದಿದೆ, ಯಾರಿಗೂ ಹೇಳಿಲ್ಲ, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ಪಿಸುಗುಟ್ಟಿದರು. ಸೋಮವಾರ ನಾನೇ ಜೊತೆಗೆ ಬರುತ್ತೇನೆ ಎಂದೆ.

ಮೇಷ್ಟ್ರು ಇದ್ದಿದ್ದರೆ ಈಗಲೂ ತಾಳ ಹಿಡಿದು ನಮ್ಮನ್ನು ಗದರಿಸುವ ವಯಸ್ಸೇ. ಅವರಿಗೆ ಬೇಕಾಗಿದ್ದದ್ದು ದೊಡ್ಡ ಔಷಧಿಯೇನಲ್ಲ, ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟು ಹೇಳಿಕೊಳ್ಳಬಹುದಾದ ಒಂದು ಜಾಗ. ಅವರು ಕಟ್ಟಿದ ಭಜನೆಯಲ್ಲಿ ಆ ಜಾಗ ಅವರಿಗೇ ಸಿಗಲಿಲ್ಲ... ಅಕ್ಕ ಅವತ್ತು ಮನೆಗೆ ಹೋಗುವಾಗ ಹೊಸ್ತಿಲ ಬಳಿ ನಿಂತು, "ಅವರ ಕಿವಿಗೆ ಬಿದ್ದಿರುತ್ತಾ ಅಂತೀಯಾ?" ಎಂದು ಕೇಳಿದರು. ಗೊತ್ತಿಲ್ಲ ಅಕ್ಕ ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇಡೀ ಬೀದಿಯ ಕಿವಿಗಂತೂ ಬಿದ್ದಿದೆ.