ಬೋಣಿಯ ಹೊತ್ತಿಗೆ ನನ್ನ ಕಾರ್ಡು

ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ತನ್ನ ಸ್ವಂತ ಹಣದ ಬೆಳ್ಳಿ ಉಡಿದಾರ ಕಟ್ಟಬೇಕು. ನಮ್ಮ ಮನೆಯಲ್ಲಿ ಹಾಗೆ ನಡೆದು ಬಂದಿದೆ. ಮಗು ಕಾರ್ಕಳದಲ್ಲಿ, ನಾನು ಕಾಪುವಿನಲ್ಲಿ, ಶಾಸ್ತ್ರ ಮಧ್ಯಾಹ್ನದೊಳಗೆ. ಬೆಳಿಗ್ಗೆಯೇ ಬಸ್ಸು ಹತ್ತಿ ಉಡುಪಿಗೆ ಬಂದೆ. ಮಣಿಪಾಲದಲ್ಲಿ ಓದುವ ಮೊಮ್ಮಗಳು, ನನ್ನ ಮಗನ ಮಗಳು, ಬೆಳ್ಳಿ ಅಂಗಡಿಯ ಎದುರು ಕಾಯುತ್ತಿದ್ದಳು.

ಕೈಯಲ್ಲಿ ನೋಟು ಇರಲಿಲ್ಲ. ಆದರೆ ಫೋನಿನೊಳಗೆ ನನ್ನದೇ ಕ್ರೆಡಿಟ್ ಕಾರ್ಡು ಇತ್ತು! ಮಲ್ಲಿಗೆ ಮಾರಿ ಕೂಡಿಟ್ಟ ಡಿಪಾಸಿಟ್ಟನ್ನು ಮುರಿಯದೆ, ಅದರ ಆಧಾರದ ಮೇಲೆ ಬ್ಯಾಂಕಿನವರು ಕೊಟ್ಟದ್ದು. ಅಂಗಡಿಯ ಸ್ಕ್ಯಾನರಿಗೆ ಫೋನು ಹಿಡಿದು ಪಿನ್ ಒತ್ತಿದರೆ ಆಯಿತು. ಮೊಮ್ಮಗಳು ಅದನ್ನು ಕಲಿಸಿಕೊಟ್ಟಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಾರ್ಡು ಕೊಟ್ಟರಲ್ಲ ಎಂದು ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಅಂಗಡಿಯ ಯಜಮಾನರು ಆಗಷ್ಟೇ ಊದುಬತ್ತಿ ಹಚ್ಚಿದ್ದರು. ಉಡಿದಾರ ತೂಗಿ ಡಬ್ಬಿಗೆ ಹಾಕುವಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ? ಇದು ಕ್ರೆಡಿಟ್ ಕಾರ್ಡು, ಹಣ ಈಗ ಬೇಡ, ಮುಂದಿನ ತಿಂಗಳು ಕಟ್ಟಿದರೆ ಸಾಕು ಎಂದು ಜಂಬದಿಂದ ಹೇಳಿಬಿಟ್ಟೆ. ಅವರ ಕೈ ನಿಂತಿತು.

"ಬೋಣಿ ಇನ್ನೂ ಆಗಲಿಲ್ಲ ಅಮ್ಮಾ. ಮೊದಲ ವ್ಯಾಪಾರಕ್ಕೇ ಸಾಲವಾ?"

ಮೊಮ್ಮಗಳು ತನ್ನ ಖಾತೆಯಿಂದ ಕೊಡುತ್ತೇನೆಂದು ಫೋನು ತೆಗೆದಳು. ನಾನು ಅವಳ ಕೈ ಹಿಡಿದೆ. ಅವಳು ಕೊಟ್ಟರೆ ಅದು ಅಜ್ಜಿಯ ಉಡಿದಾರ ಆಗುವುದು ಹೇಗೆ?

"ಸಾಲ ಉಂಟು ಮಾರಾಯ್ರೇ, ಆದರೆ ಅದು ನನಗೂ ಬ್ಯಾಂಕಿಗೂ," ಎಂದೆ. "ನಿಮಗೆ ಈಗಲೇ ಬರ್ತದೆ. ಸ್ಕ್ಯಾನರಿನ ಪಕ್ಕದ ಆ ಮಾತಾಡುವ ಡಬ್ಬಿ ಹಣ ಬಂತು ಅಂತ ಹೇಳದಿದ್ದರೆ ಉಡಿದಾರ ಇಲ್ಲೇ ಇರಲಿ."

ಅವರು ಸ್ವಲ್ಪ ಯೋಚಿಸಿ ಸ್ಕ್ಯಾನರನ್ನು ನನ್ನ ಕಡೆಗೆ ತಿರುಗಿಸಿದರು. ಫೋನು ಹಿಡಿದು ಪಿನ್ ನಾನೇ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೇಜಿನ ಮೇಲಿದ್ದ ಡಬ್ಬಿ ಹಣ ಬಂತೆಂದು ಅಂಗಡಿ ತುಂಬ ಕೂಗಿತು. ಬೋಣಿಯ ನೋಟನ್ನು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಯಜಮಾನರು ಆ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಿಮ್ಮ ಬಾಯಿಗಿಂತ ನಿಮ್ಮ ಕಾರ್ಡು ಒಳ್ಳೆಯದು ಅಮ್ಮಾ," ಎಂದರು. ಮೊಮ್ಮಗಳು ಬಸ್ಸಿನಲ್ಲಿಯೂ ನಗುತ್ತಿದ್ದಳು.

ಕಾರ್ಕಳ ಮುಟ್ಟುವಾಗ ತೊಟ್ಟಿಲಿಗೆ ಹೂ ಕಟ್ಟಿ ನಮ್ಮನ್ನೇ ಕಾಯುತ್ತಿದ್ದರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಉಡಿದಾರ ಕಟ್ಟಿದೆ. ಅವನು ಕಾಲು ಬಡಿದು ಬಡಿದು ಅದನ್ನು ಹೊಟ್ಟೆಯ ಮೇಲಕ್ಕೆ ಏರಿಸಿಕೊಂಡ. ಯಾರು ತಂದದ್ದೆಂದು ಯಾರೂ ಕೇಳಲಿಲ್ಲ. ನಾನೇ ಎಲ್ಲರಿಗೂ ಹೇಳಿದೆ.